ಒಂದು ತಿಂಗಳ ಕೂಲಿ, ವರ್ಷದ ಲೆಕ್ಕ

ಅಫಜಲಪುರ ತಾಲ್ಲೂಕಿನ ಅತನೂರ ಸೀಮೆಯಲ್ಲಿ ಕೂಲಿ ತೊಗರಿಯ ಜೊತೆಗೇ ಬರುತ್ತದೆ, ಅದರ ಜೊತೆಗೇ ಹೋಗುತ್ತದೆ. ಮುಂಗಾರಿಗೆ ಬಿತ್ತನೆ, ಆಮೇಲೆ ಕಸ ತೆಗೆಯುವುದು, ಎಳ್ಳಮಾವಾಸ್ಯೆಯ ಆಸುಪಾಸು ಕೊಯ್ಲು, ರಾಶಿ. ನಡುವೆ ಒಂದಿಷ್ಟು ದಿನ ಹತ್ತಿ ಬಿಡಿಸುವುದು. ಭೀಮಾ ನೀರು ಕಂಡ ಕಡೆ ಕಬ್ಬು. ರಾಶಿ ಮುಗಿದರೆ ಕೈಗೆ ಕೆಲಸವಿಲ್ಲ. ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ. ಇಂಥ ಕಡೆ ಕೂತು ‘2023-24ರಲ್ಲಿ ದೇಶದ ನಿರುದ್ಯೋಗ ಶೇ 3.2’ ಎಂದು ಓದಿದರೆ ನಂಬುವುದು ಕಷ್ಟ. ಹಾಗೆಂದು ಆ ಅಂಕಿ ಸುಳ್ಳಲ್ಲ. ಸರ್ಕಾರದ ಸಮೀಕ್ಷೆ ಅದನ್ನು ಎಣಿಸುವ ಬಗೆಯನ್ನು ನಾವು ತಿಳಿಯಬೇಕು.

ಕೆಲಸ ಇಲ್ಲದವರೆಲ್ಲ ಈ ಲೆಕ್ಕದಲ್ಲಿ ನಿರುದ್ಯೋಗಿಗಳಲ್ಲ. ಕೆಲಸ ಹುಡುಕುತ್ತಿರಬೇಕು, ಇಲ್ಲವೇ ಸಿಕ್ಕರೆ ಮಾಡಲು ತಯಾರಿರಬೇಕು. ಬೇಸತ್ತು ಆ ಆಸೆಯನ್ನೇ ಬಿಟ್ಟವರು ದುಡಿಯುವವರ ಪಟ್ಟಿಯಲ್ಲೂ ಇಲ್ಲ, ನಿರುದ್ಯೋಗಿಗಳ ಪಟ್ಟಿಯಲ್ಲೂ ಇಲ್ಲ.

ತೊಗರಿ ಕೊಯ್ಲಿಗೆ ಹೋಗುವ ಹೆಣ್ಣುಮಗಳನ್ನೇ ನೋಡೋಣ. ಕುಡುಗೋಲು ಹಿಡಿದು ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾಳೆ. ಕಳೆದ 365 ದಿನಗಳಲ್ಲಿ ಇಂಥ ಕೂಲಿ 30 ದಿನ ಸಿಕ್ಕಿದ್ದರೆ ಸಾಕು, ‘ಸಾಮಾನ್ಯ ಸ್ಥಿತಿ’ಯ ಅಳತೆಯಲ್ಲಿ ಆಕೆ ಉದ್ಯೋಗಿ. ಶೇ 3.2 ಎಂಬುದು ಇದೇ ಅಳತೆಯ ಅಂಕಿ. ವಾರದ ಅಳತೆಯಲ್ಲಾದರೆ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ತಾಸು ದುಡಿದರೂ ಉದ್ಯೋಗಿಯೇ.

ಬಿ.ಎ. ಮುಗಿಸಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತ ಹುಡುಗನ ಮಾತೂ ಅದೇ. “ಏನ್ ಮಾಡ್ಲತ್ತೀಪಾ ತಮ್ಮಾ?” ಎಂದರೆ “ಸುಮ್ ಕುಂತೀನ್ರಿ ಕಾಕಾ” ಅನ್ನುತ್ತಾನೆ. ಮನೆಯ ವ್ಯಾಪಾರಕ್ಕೆ ಸಂಬಳವಿಲ್ಲದೆ ಕೈಜೋಡಿಸುವವನೂ ಸಮೀಕ್ಷೆಗೆ ಉದ್ಯೋಗಿ. ದುಡಿಯುವ ಇಲ್ಲವೇ ಕೆಲಸ ಹುಡುಕುವ ಗ್ರಾಮೀಣ ಮಹಿಳೆಯರ ಪಾಲು 2017-18ರಲ್ಲಿದ್ದ ಶೇ 24.6ರಿಂದ 2023-24ಕ್ಕೆ ಶೇ 47.6ಕ್ಕೆ ಏರಿತು. ಈ ಏರಿಕೆಯಲ್ಲಿ ಸ್ವಂತ ದುಡಿಮೆ ಮತ್ತು ಸಂಬಳವಿಲ್ಲದ ನೆರವಿನ ಪಾಲು ದೊಡ್ಡದು. ಅಂಕಿ ಬೆಳೆದಷ್ಟು ಕೈಗೆ ದುಡ್ಡು ಬಂತೇ ಎಂದು ಕೇಳಲೇಬೇಕು.

ಒಂದೇ ಅಂಕಿಯಿಂದ ನಮ್ಮಂಥ ದೇಶದ ನಿರುದ್ಯೋಗ ತಿಳಿಯದೆಂದು ದಾಂತವಾಲಾ ಸಮಿತಿ 1970ರಲ್ಲೇ ಹೇಳಿತ್ತು. ಅದರ ಸಲಹೆಯಂತೆ ಬಂದ ಅಳತೆಗಳಲ್ಲಿ ವರ್ಷ, ವಾರಗಳ ಜೊತೆ ದಿನದ ಲೆಕ್ಕವೂ ಇತ್ತು: ಪ್ರತಿ ದಿನವನ್ನು ಅರ್ಧರ್ಧವಾಗಿ ಎಣಿಸುವುದು. 2011-12ರ ಸಮೀಕ್ಷೆಯಲ್ಲಿ ದೇಶದ ನಿರುದ್ಯೋಗ ವರ್ಷದ ಅಳತೆಗೆ ಶೇ 2.2, ವಾರದ ಅಳತೆಗೆ ಶೇ 3.7, ದಿನದ ಅಳತೆಗೆ ಶೇ 5.6. ದೇಶ ಅದೇ, ಜನ ಅವರೇ. ಅತನೂರಿನಂಥ ಒಣಬೇಸಾಯದ ಊರಿಗೆ ಹತ್ತಿರವಾದದ್ದು ಮೂರನೆಯದು. ಆದರೆ 2017ರಲ್ಲಿ ಶುರುವಾದ ಈಗಿನ ಸಮೀಕ್ಷೆಯಲ್ಲಿ ಸುದ್ದಿಯಾಗುವುದು ಮೊದಲೆರಡೇ.

ದಿನ ಎಣಿಸುವ ಲೆಕ್ಕ ನಮಗೆ ಹೊಸದಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ನಿಯಮ ಸರಳವಾಗಿತ್ತು: ಕೆಲಸ ಕೇಳಿದ 15 ದಿನಗಳೊಳಗೆ ಕೊಡಬೇಕು, ತಪ್ಪಿದರೆ ಭತ್ಯೆ ಕೊಡಬೇಕು. ಕೇಳಿದ ತಾರೀಖು, ಸಿಕ್ಕ ದಿನ, ಬಂದ ಕೂಲಿ ಮೂರನ್ನೂ ಹಿಡಿಯುವ ಲೆಕ್ಕ ಅದು. ಹಾಗೆಯೇ ಸರ್ಕಾರ ನಿರುದ್ಯೋಗದ ಶೇಕಡಾವಾರು ಅಂಕಿಯ ಪಕ್ಕದಲ್ಲಿ ಜಿಲ್ಲೆವಾರು ಇನ್ನೆರಡು ಅಂಕಿ ಪ್ರಕಟಿಸಲಿ: ವರ್ಷಕ್ಕೆ ಎಷ್ಟು ದಿನ ಕೆಲಸ, ದಿನಕ್ಕೆ ಎಷ್ಟು ಕೂಲಿ. ಬೇಸಿಗೆಯಲ್ಲಿ ಕೆಲಸ ಎಲ್ಲಿ ಕೊಡಬೇಕು, ಯಾವಾಗ ಕೊಡಬೇಕು ಎಂಬುದು ಅದರಿಂದ ಮಾತ್ರ ಗೊತ್ತಾಗುತ್ತದೆ.