ಪ್ರಳಯ ಪರದೇಶದ ಸರಕಲ್ಲ

ಭೂಮಿಗೆ ಧೂಮಕೇತು ಬಡಿಯುವ, ಹಿಮಯುಗ ಮರಳುವ ಕಾದಂಬರಿ ಕನ್ನಡದಲ್ಲಿ ಬಂದರೆ ವಿಮರ್ಶೆಯ ಮೊದಲ ವಾಕ್ಯ ಸಿದ್ಧವಾಗಿಯೇ ಇರುತ್ತದೆ: ಇದು ಹಾಲಿವುಡ್ ಸರಕು, ನಮ್ಮ ಮಣ್ಣಿನದಲ್ಲ. ಪುಸ್ತಕ ಬಿಡಿಸುವ ಮೊದಲೇ ಕೊಟ್ಟ ತೀರ್ಪು ಇದು. ಹೀಗೆನ್ನುವವರು ಆ ಮಣ್ಣನ್ನೇ ಒಮ್ಮೆ ನೋಡಬೇಕು.

ಛತ್ರಪತಿ ಸಂಭಾಜಿನಗರದ ಹತ್ತಿರದ ಎಲ್ಲೋರಕ್ಕೆ ಹೋಗುವ ಕನ್ನಡಿಗರು ರಾಷ್ಟ್ರಕೂಟ ಕೃಷ್ಣನನ್ನು ನೆನೆದು ಕೈಲಾಸ ದೇವಾಲಯದ ಮುಂದೆ ಹೆಮ್ಮೆಪಡುತ್ತಾರೆ. ಆ ದೇವಾಲಯವನ್ನು ಕೊರೆದ ಕಪ್ಪು ಬಂಡೆ ಯಾವುದು? ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಪದರ ಪದರವಾಗಿ ಹರಿದ ಲಾವಾ. ಡೈನೋಸಾರ್‌ಗಳು ಅಳಿದದ್ದೂ ಅದೇ ಕಾಲದಲ್ಲಿ. ಅದರಲ್ಲಿ ಕ್ಷುದ್ರಗ್ರಹದ ಪಾಲೆಷ್ಟು, ಈ ಲಾವಾದ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ನಾಸಿಕದ ಪಾಂಡವಲೇಣಿ ಗುಹೆಗಳದ್ದೂ ಇದೇ ಬಂಡೆ. ಸಂಭಾಜಿನಗರದಿಂದ ಪೂರ್ವಕ್ಕೆ ಹೋದರೆ ಲೋಣಾರ್: ಉಲ್ಕೆಯೊಂದು ಇದೇ ಬಂಡೆಗೆ ಬಡಿದು ತೆರೆದ, ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ. ವಿಜಯಪುರದ ಜೋಳ ಬೆಳೆಯುವ ಎರೆಮಣ್ಣು ಕೂಡ ಇದೇ ಲಾವಾ ಸವೆದು ಆದದ್ದು. ಪ್ರಳಯದ ಮಣ್ಣಿನಲ್ಲಿ ಬೆಳೆದ ರೊಟ್ಟಿ ತಿಂದು ಪ್ರಳಯದ ಕಥೆ ಪರದೇಶದ್ದು ಎನ್ನುವುದು ಯಾವ ನ್ಯಾಯ?

ಮರಾಠಿಯವರು ಈ ಹಿಂಜರಿಕೆಯನ್ನು ಮೀರಿದರು. 2021ರ ಡಿಸೆಂಬರ್‌ನಲ್ಲಿ ನಾಸಿಕದಲ್ಲಿ ನಡೆದ 94ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಖಗೋಳ ವಿಜ್ಞಾನಿ, ವಿಜ್ಞಾನ ಕಥೆಗಾರ ಜಯಂತ ನಾರಳೀಕರ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅನಾರೋಗ್ಯದಿಂದ ಅವರು ಬರಲಾಗಲಿಲ್ಲ. ಆದರೂ ಆ ಪೀಠ ವಿಜ್ಞಾನ ಕಥೆಯ ಪಾಲಿಗೆ ಬಂತು.

ಅವರ 'ಧೂಮಕೇತು' ಕಥೆ ಈ ಪ್ರಕಾರದ ಶಕ್ತಿ ಏನೆಂದು ತೋರಿಸುತ್ತದೆ. ಹವ್ಯಾಸಿ ಖಗೋಳ ವೀಕ್ಷಕ ದತ್ತದಾ ಕಂಡ ಧೂಮಕೇತು ಭೂಮಿಯತ್ತ ಬರುತ್ತದೆ. ವಿಜ್ಞಾನಿಗಳು ಗುಟ್ಟಾಗಿ ಸೇರಿ ಅಣುಸ್ಫೋಟದಿಂದ ಅದರ ದಾರಿ ತಪ್ಪಿಸಲು ಯೋಜಿಸುತ್ತಾರೆ. ಇತ್ತ ದತ್ತದಾ ಮನೆಯಲ್ಲೇ ಶಾಂತಿಗೆಂದು ಯಜ್ಞ. ಗಂಡಾಂತರ ಕಳೆದ ಮೇಲೆ ಮನೆಯವರ ಪಾಲಿಗೆ ಗೆದ್ದದ್ದು ಯಜ್ಞವೇ. ಭೂಮಿ ಉಳಿಯಿತೇ ಎಂಬ ಪ್ರಶ್ನೆಗಿಂತ, ಉಳಿದವರು ಏನನ್ನು ನಂಬಿದರು ಎಂಬ ಪ್ರಶ್ನೆಯೇ ಓದುಗರನ್ನು ಕಾಡುತ್ತದೆ. ಇದಕ್ಕಿಂತ ದೇಸಿ ಪ್ರಶ್ನೆ ಇನ್ಯಾವುದು?

ಸತ್ವವಿಲ್ಲದ ಪ್ರಳಯ ಕಾದಂಬರಿಗಳು ಬೇಕಾದಷ್ಟಿವೆ, ನಿಜ. ಸತ್ವವಿಲ್ಲದ ಹಳ್ಳಿಯ ಕಾದಂಬರಿಗಳೂ ಅಷ್ಟೇ ಇವೆ. ಅದಕ್ಕಾಗಿ ಹಳ್ಳಿಯನ್ನು ಯಾರೂ ಸಾಹಿತ್ಯದಿಂದ ಹೊರಗಿಟ್ಟಿಲ್ಲ. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಮಲೆನಾಡನ್ನು ಮೆಚ್ಚಿದ ವಿಮರ್ಶೆ, ಅಲ್ಲಿನ ಹಾರುವ ಓತಿ ತೆರೆದಿಟ್ಟ ಜೀವವಿಕಾಸದ ಆಳ ಕಾಲವನ್ನೂ ಅಷ್ಟೇ ಗಂಭೀರವಾಗಿ ಓದಬೇಕು. ಇಸ್ರೋ ಕೇಂದ್ರ ಕಚೇರಿ ಇರುವ ರಾಜ್ಯದ ಭಾಷೆ ಆಕಾಶದ ಕಥೆಯನ್ನು ಮಕ್ಕಳ ಕಪಾಟಿಗೆ ತಳ್ಳಿದರೆ ನಷ್ಟ ಆಕಾಶಕ್ಕಲ್ಲ. ಮುಂದಿನ ಪ್ರಳಯ ಕಾದಂಬರಿ ಕೈಗೆ ಬಂದಾಗ ಕೇಳಬೇಕಾದ್ದು ಎರಡೇ: ಅದರ ವಿಜ್ಞಾನ ನಿಲ್ಲುತ್ತದೆಯೇ, ಅದರ ಮನುಷ್ಯರು ನಿಜವೇ?