ಮಯೂರ: ಪರದೆಯಲ್ಲಿ ಮತ್ತು ಕಲ್ಲಿನಲ್ಲಿ

ಕತ್ತಿವರಸೆಯ ಕನ್ನಡ ಚಿತ್ರ ಎಂದೊಡನೆ ಹಿರಿಯರು ನೆನೆಯುವ ಹೆಸರು 'ಮಯೂರ'. ದೇವುಡು ನರಸಿಂಹಶಾಸ್ತ್ರಿಗಳ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿದ ಈ ಚಿತ್ರ 1975ರಲ್ಲಿ ತೆರೆ ಕಂಡಿತು. ನಿರ್ದೇಶಕರು ವಿಜಯ್, ಮಯೂರನ ಪಾತ್ರ ರಾಜಕುಮಾರ್ ಅವರದು. ಕುದುರೆ, ಕತ್ತಿ, ಮಲ್ಲಯುದ್ಧ ಎಲ್ಲವೂ ಇರುವ ಈ ಚಿತ್ರವನ್ನು ಮಕ್ಕಳು ಇಂದಿಗೂ ಕಣ್ಣು ಮಿಟುಕಿಸದೆ ನೋಡುತ್ತಾರೆ. ನೋಡಲಿ. ಆದರೆ ನೋಡಿದ ಮೇಲೆ ಒಂದು ಪ್ರಶ್ನೆ ಕೇಳಬೇಕು: ಇದರಲ್ಲಿ ಇತಿಹಾಸವೆಷ್ಟು, ಕಥೆಯೆಷ್ಟು?

ಚಿತ್ರದಲ್ಲಿ ಕಂಚಿಯ ಬ್ರಾಹ್ಮಣ ಯುವಕ ಮಯೂರಶರ್ಮನಿಗೆ ತಾನು ಕದಂಬರ ರಾಜಕುಮಾರ, ತಂದೆಯನ್ನು ಕೊಂದವರು ಪಲ್ಲವರು ಎಂಬುದು ತಡವಾಗಿ ತಿಳಿಯುತ್ತದೆ. ಕಳೆದುಹೋದ ರಾಜ್ಯವನ್ನು ಮರಳಿ ಪಡೆಯಲು ಅವನು ಹೊರಡುತ್ತಾನೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬಶಾಸನ ಹೇಳುವುದು ಬೇರೆ. ಮಯೂರಶರ್ಮ ವೇದ ಓದುವ ಮನೆತನದವನು. ಮನೆಯ ಬಳಿ ಇದ್ದ ಕದಂಬ ಮರದಿಂದ ಆ ಮನೆತನಕ್ಕೆ ಹೆಸರು ಬಂತು. ಗುರು ವೀರಶರ್ಮನೊಡನೆ ಅವನು ಕಂಚಿಯ ಘಟಿಕೆಗೆ, ಅಂದರೆ ಉನ್ನತ ವಿದ್ಯಾಕೇಂದ್ರಕ್ಕೆ, ಓದಲು ಹೋದ. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಜಗಳವಾಯಿತು. ಅವಮಾನ ಸಹಿಸದ ವಿದ್ಯಾರ್ಥಿ ದರ್ಭೆ ಹಿಡಿದ ಕೈಯಲ್ಲೇ ಕತ್ತಿ ಹಿಡಿದ. ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಕಾಡಿನಲ್ಲಿ ನೆಲೆನಿಂತ. ಕೊನೆಗೆ ಪಲ್ಲವರೇ ಅವನ ಅಧಿಕಾರವನ್ನು ಒಪ್ಪಿದರು.

ಇಲ್ಲಿ ರಾಜಕುಮಾರನಿಲ್ಲ, ಕಳೆದುಹೋದ ಸಿಂಹಾಸನವಿಲ್ಲ. ಕಥೆಗೆ ತಿರುವು ಬೇಕು. ಚಿತ್ರದವರು ಅದನ್ನು ಬಳಸಿದ್ದು ತಪ್ಪಲ್ಲ. ಆದರೆ ದೊಡ್ಡವನಾಗಲು ರಾಜರಕ್ತ ಬೇಕು ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಉಳಿಯಬಾರದು. ಅಡರಕಟ್ಟಿಯ ರೈತನ ಮನೆಯ ಹುಡುಗನಿಗೆ ಹತ್ತಿರದವನು ಚಿತ್ರದ ರಾಜಕುಮಾರನಲ್ಲ, ಶಾಸನದ ವಿದ್ಯಾರ್ಥಿ.

ಹಾಗೆಂದು ಕಲ್ಲಿನ ಮಾತನ್ನೂ ಪರೀಕ್ಷಿಸದೆ ನಂಬಬೇಕಾಗಿಲ್ಲ. ತಾಳಗುಂದದ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಅದು ಮಯೂರಶರ್ಮನ ಕಾಲಕ್ಕೆ ಸುಮಾರು 100 ವರ್ಷಗಳ ನಂತರ ಅವನ ವಂಶದವರ ಆಳ್ವಿಕೆಯಲ್ಲಿ ಬರೆದದ್ದು; ಹೊಗಳಿಕೆ ಸಹಜ. ಆದ್ದರಿಂದ ಅದನ್ನು ಇನ್ನೊಂದು ಸಾಕ್ಷ್ಯದೊಡನೆ ಹೋಲಿಸಬೇಕು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನದೇ ಪ್ರಾಕೃತ ಶಾಸನವಿದೆ. ಅದರ ವಿಷಯ ಕೆರೆ. ಕತ್ತಿ ಹಿಡಿದವನು ಕೆರೆಯನ್ನೂ ನೋಡಿಕೊಂಡ ಎಂಬುದನ್ನು ಬಯಲುಸೀಮೆಯ ಮಕ್ಕಳು ಮರೆಯಬಾರದು.

ಅಡರಕಟ್ಟಿಗೆ ಹತ್ತಿರದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡ ಎಂದ ಪಂಪನೇ ಕದಂಬರ ರಾಜಧಾನಿಯಾಗಿದ್ದ ಬನವಾಸಿಗಾಗಿ ಹಂಬಲಿಸಿದವನು. ಶಾಲಾ ಪ್ರವಾಸದ ದಾರಿಯಲ್ಲಿ ಬನವಾಸಿ, ತಾಳಗುಂದ ಎರಡನ್ನೂ ಸೇರಿಸಬಹುದು. ಹೊರಡುವ ಮೊದಲು ಪಾಲಕರು ಮಕ್ಕಳೊಡನೆ ಕುಳಿತು ಚಿತ್ರ ನೋಡಲಿ, ಕಾದಂಬರಿ ಓದಿಸಲಿ. ಶಾಸನದಲ್ಲಿರುವುದು ಯಾವುದು, ಕಥೆಗಾರರು ಸೇರಿಸಿದ್ದು ಯಾವುದು ಎಂದು ಮಕ್ಕಳೇ ಒಂದು ಹಾಳೆಯಲ್ಲಿ ಎರಡು ಸಾಲಾಗಿ ಬರೆಯಲಿ.