ಬಂದೂಕಿನ ಮೈಮೇಲಣ ಶಾಸನ

ಶಾಸನದ ಕಲ್ಲೆಂದು ತಿಳಿಯದೆ ಅದನ್ನು ಬಟ್ಟೆಯೊಗೆಯುವುದಕ್ಕೆ ಹಾಕಿಕೊಂಡವನನ್ನು ನಾವು ಅಜ್ಞನೆಂದು ಕ್ಷಮಿಸುತ್ತೇವೆ. ಆದರೆ ಶಾಸನವೆಂದು ಬಲ್ಲವನೇ, ಅಕ್ಷರಗಳಿಂದ ಕಲ್ಲಿನ ಅಂದ ಕೆಟ್ಟಿತೆಂದು ಅದನ್ನು ಉಜ್ಜಿ ನುಣುಪುಮಾಡಿ ನಡುಮನೆಯಲ್ಲಿ ನಿಲ್ಲಿಸಿಕೊಂಡರೆ ಅವನನ್ನು ಏನೆಂದು ಕರೆಯೋಣ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟುದು ಕಲ್ಲಲ್ಲ, ಒಂದು ಬಂದೂಕು.

ನನ್ನ ಹಳೆಯ ಶಿಷ್ಯನೊಬ್ಬನು ಕೆನಡಾದಲ್ಲಿ ನೆಲಸಿದ್ದಾನೆ. ಬ್ರಿಟಿಷ್ ಸೈನ್ಯದ .303 ಬಂದೂಕನ್ನು ನಮ್ಮ ದೇಶದಲ್ಲಿ ಸಾಮಾನ್ಯ ಜನರು ಇಟ್ಟುಕೊಳ್ಳುವಂತಿಲ್ಲ. ಅಲ್ಲಿ ಲೈಸೆನ್ಸ್ ಪಡೆದವರು ಕೊಂಡು ಸಂಗ್ರಹಿಸಬಹುದು. ಈಚೆಗೆ ಊರಿಗೆ ಬಂದಿದ್ದಾಗ ಅವನು ತನ್ನ ಸಂಗ್ರಹದ ಚಿತ್ರಗಳನ್ನು ತೋರಿಸಿದನು. ಅವುಗಳಲ್ಲೊಂದು ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ 1942ರಲ್ಲಿ ಮಾಡಿದ ಲೀ-ಎನ್‌ಫೀಲ್ಡ್. “ಕೊಂಡಾಗ ಬಹಳ ಕೊಳಕಾಗಿತ್ತು, ಗುರುಗಳೆ. ಮರವನ್ನೆಲ್ಲ ಉಜ್ಜಿಸಿ ವಾರ್ನಿಷ್ ಹಾಕಿಸಿದೆ. ಬೋಲ್ಟಿನ ಅಂಕಿ ಹೊಂದುತ್ತಿರಲಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಒತ್ತಿಸಿದೆ. ಈಗ ನೋಡಿ, ನಿನ್ನೆ ಕಾರ್ಖಾನೆಯಿಂದ ಬಂದಂತಿದೆ!” ಎಂದನು. ಮನೆಗೆ ಬಂದವನ ಸಂತೋಷವನ್ನು ಕೆಡಿಸಬಾರದೆಂದು ಆ ದಿನ ಸುಮ್ಮನಿದ್ದೆ. ಆಮೇಲೆ ಈ ವಿಷಯದ ಪುಸ್ತಕಗಳನ್ನು ತರಿಸಿ ಓದಿದೆ. ಸುಮ್ಮನಿದ್ದುದು ತಪ್ಪೆಂದು ಈಗ ನಿಶ್ಚಯವಾಗಿದೆ.

ಈ ಬಂದೂಕಿನ ವಂಶಾವಳಿಯನ್ನು ಸ್ವಲ್ಪದರಲ್ಲಿ ಹೇಳುವೆನು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕ ಸೇರಿದ ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಯಂತ್ರರಚನೆಯನ್ನು ಬ್ರಿಟಿಷ್ ಸೈನ್ಯವು 1888ರಲ್ಲಿ ಅಂಗೀಕರಿಸಿತು. ಬಾಗಿಲ ಅಗುಳಿಯಂತಿರುವ ಬೋಲ್ಟನ್ನು ಎತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಬೀಳುತ್ತದೆ; ಮುಂದಕ್ಕೆ ದೂಡಿದರೆ ಹೊಸದು ನಳಿಗೆಯನ್ನು ಸೇರುತ್ತದೆ. ನಳಿಗೆಯೊಳಗೆ ಮೊದಲಿದ್ದ ಮೆಟ್‌ಫೋರ್ಡನ ಆಳವಿಲ್ಲದ ಗೆರೆಗಳು ಕಾರ್ಡೈಟ್ ಮದ್ದಿನ ಕಾವಿಗೆ ಸವೆದುಹೋಗಲು, 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯ ಗೆರೆಗಳು ಬಂದವು. ಹತ್ತು ತೋಟಾಗಳನ್ನು ಹಿಡಿಯುವ, 1907ರಲ್ಲಿ ಬಳಕೆಗೆ ಬಂದ ಮೂರನೆಯ ಮಾದರಿಯೇ ಮೊದಲ ಮಹಾಯುದ್ಧದಲ್ಲಿ ಹೆಸರಾದುದು.

ಇನ್ನು ಅದರ ಶಾಸನವನ್ನು ಓದೋಣ. ಮರದ ಹಿಡಿಯು ಉಕ್ಕಿಗೆ ಸೇರುವೆಡೆಯಲ್ಲಿ ಒಂದು ಕಿರೀಟ. ಅದರ ಕೆಳಗೆ ದೊರೆಯ ಹೆಸರಿನ ಮೊದಲಕ್ಷರಗಳು, ಕಾರ್ಖಾನೆ, ವರ್ಷ, ಮಾದರಿ. ಪ್ರಶಸ್ತಿ, ಸ್ಥಳ, ಕಾಲ ಇವು ಮೂರೂ ಇದ್ದ ಮೇಲೆ ತಾಮ್ರಪಟಕ್ಕೂ ಇದಕ್ಕೂ ಏನು ಭೇದ? 1942ರ ಇಶಾಪುರದ ಬಂದೂಕಿನಲ್ಲಿ ‘ಜಿ.ಆರ್.ಐ.’ ಎಂದಿರುತ್ತದೆ, ಜಾರ್ಜ್ ದೊರೆ, ಚಕ್ರವರ್ತಿ ಎಂದರ್ಥ. ಸ್ವಾತಂತ್ರ್ಯ ಬಂದ ಮೇಲೆ ಅದೇ ಕಾರ್ಖಾನೆ, ಅದೇ ಬಗೆಯ ಉಕ್ಕಿನ ಮೇಲೆ, ಅಶೋಕನ ಸಿಂಹಗಳನ್ನು ಒತ್ತಿತು. ಒಂದು ರಾಜ್ಯವು ಅಳಿದು ಇನ್ನೊಂದು ಮೂಡಿದುದನ್ನು ಎರಡು ಬೆರಳಗಲದ ಉಕ್ಕಿನಲ್ಲಿ ಓದಬಹುದು. ಬಾಣದ ಗುರುತಿನ ಕೆಳಗೆ ‘ಐ’ ಎಂಬ ಅಕ್ಷರವಿದ್ದರೆ ಅದು ಭಾರತ ಸರಕಾರದ ಸೊತ್ತಾಗಿದ್ದಿತು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸರಕಾರವು ಅದನ್ನು ಮಾರಿತು. ‘ಡಿ.ಪಿ.’ ಎಂದಿದ್ದರೆ ಅದು ಕವಾಯತಿಗೆ ಮಾತ್ರ, ಗುಂಡು ಹಾರಿಸಲು ಯೋಗ್ಯವಲ್ಲ. ಇಂತಹ ಗುರುತುಗಳಲ್ಲಿ ಹಲವು ಮರದ ಮೇಲೆಯೇ ಇರುವುವು. ಉಜ್ಜುಕಾಗದಕ್ಕೆ ಮೊದಲು ಬಲಿಯಾಗುವುವೂ ಇವೇ.

ಬೋಲ್ಟಿನ ಅಂಕಿಯ ಮಾತು ಇನ್ನೂ ಗುರುತರವಾದುದು. ಒಂದೊಂದು ಬೋಲ್ಟನ್ನೂ ಅದರದರ ಬಂದೂಕಿಗೆ ಸರಿಯಾಗಿ ಕೂಡಿಸಿ, ಎರಡಕ್ಕೂ ಒಂದೇ ಅಂಕಿಯನ್ನು ಒತ್ತುತ್ತಿದ್ದರು. ಬೇರೆ ಬಂದೂಕಿನ ಬೋಲ್ಟು ಬಂದಾಗ ಅದು ಸರಿಯಾಗಿ ಕಚ್ಚುವುದೇ ಎಂದು ಬಲ್ಲವರು ಅಳೆದು ನೋಡಬೇಕು. ಇಲ್ಲವಾದರೆ ತೋಟಾ ಒಡೆದು ಹಾರಿಸಿದವನ ಮುಖಕ್ಕೇ ಅಪಾಯ. ಹೊಂದದ ಅಂಕಿಯು ಕೊಡುವ ಎಚ್ಚರಿಕೆ ಅದು. ಎಲ್ಲ ಅಂಕಿಗಳೂ ಹೊಂದಿದ ಬಂದೂಕಿಗೆ ಪೇಟೆಯಲ್ಲಿ ಹೆಚ್ಚು ಬೆಲೆ ಸಿಕ್ಕುವುದೆಂದು ಆ ಎಚ್ಚರಿಕೆಯನ್ನು ಅಳಿಸಿ ಸುಳ್ಳನ್ನು ಒತ್ತುವುದು ಯಾವ ನ್ಯಾಯ? ಕೂಟಶಾಸನವನ್ನು ಮಾಡಿದವನಿಗೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ವಧದಂಡವನ್ನು ವಿಧಿಸುತ್ತದೆ. ನಾನು ಅಷ್ಟು ದೂರ ಹೋಗುವವನಲ್ಲ. ಕೂಟಶಾಸನವನ್ನು ಕೂಟಶಾಸನವೆಂದೇ ಕರೆಯಬೇಕೆಂಬುದಷ್ಟೇ ನನ್ನ ವಾದ.

“ನಮ್ಮ ಹಣ, ನಮ್ಮ ಸೊತ್ತು, ಕೇಳುವುದಕ್ಕೆ ನೀವಾರು?” ಎನ್ನಬಹುದು. ಎರಡನೆಯ ಮಹಾಯುದ್ಧದ ತರುವಾಯ ಕೆನಡಾ, ಅಮೆರಿಕಗಳಲ್ಲಿ ಈ ಬಂದೂಕುಗಳು ಅಗ್ಗವಾಗಿ ಸಿಕ್ಕಿದಾಗ ರೈತರು ಅವುಗಳ ಮರವನ್ನು ಕೊಯ್ದು ಜಿಂಕೆಯ ಬೇಟೆಗೆ ಬಳಸಿದರು. ಅವರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಬೇಕಾಗಿದ್ದುದು ಬೇಟೆಯ ಉಪಕರಣ. ಚರಿತ್ರೆಯನ್ನು ಕಾಪಾಡುತ್ತೇವೆಂದು ಅವರು ಹೇಳಿಕೊಳ್ಳಲಿಲ್ಲ. ಸಂಗ್ರಾಹಕನಾದರೋ ಹಾಗೆ ಹೇಳಿಕೊಳ್ಳುತ್ತಾನೆ. ಆ ಮಾತಿನ ಹೊಣೆಯನ್ನು ಅವನು ಹೊರಲೇಬೇಕು.

ಇದಕ್ಕಿಂತ ದೊಡ್ಡ ಅಳಿಸುವಿಕೆಯೊಂದುಂಟು. ಅದು ನಡೆಯುವುದು ಉಜ್ಜುಕಾಗದದಿಂದಲ್ಲ, ಮೌನದಿಂದ. 1914ರಲ್ಲಿ ಬೆಲ್ಜಿಯಂನ ಮೋನ್ಸ್ ಎಂಬಲ್ಲಿ ಆಂಗ್ಲ ಸೈನಿಕರು ಎಷ್ಟು ಬೇಗ ಗುಂಡು ಹಾರಿಸಿದರೆಂಬುದನ್ನು ಈ ಹವ್ಯಾಸದವರು ದಣಿಯದೆ ವರ್ಣಿಸುತ್ತಾರೆ. ವರ್ಣಿಸಲಿ. ಆದರೆ 1857ರ ದಂಗೆಯ ಮೇಲೆ, ಒಳಗೆರೆಗಳಿಲ್ಲದ ಕೀಳು ಬಂದೂಕುಗಳನ್ನು ಬೇಕೆಂದೇ ನಮ್ಮ ಸಿಪಾಯಿಗಳಿಗೆ ಕೊಟ್ಟರೆಂಬುದನ್ನು ಎಷ್ಟು ಮಂದಿ ಹೇಳುತ್ತಾರೆ? 1914ರಲ್ಲಿ ಮಾರ್ಸೇಲ್ಸ್ ರೇವಿನಲ್ಲಿ ಇಳಿದ ನಮ್ಮವರಿಗೆ ಹೊಸ ಬಂದೂಕುಗಳು ದೊರೆತುದು ಅಲ್ಲಿಗೆ ಹೋದ ಮೇಲೆಯೇ. ಅವನ್ನು ಹಿಡಿದು ಹೋರಾಡಿ ಫ್ರಾನ್ಸಿನ ಸುತ್ತ ಮಡಿದವರ ಪೈಕಿ, ಸಮಾಧಿಯೂ ತಿಳಿಯದ 4,700ಕ್ಕೂ ಹೆಚ್ಚು ಮಂದಿಯ ಹೆಸರುಗಳು ನವ್-ಶಾಪೆಲ್‌ನ ಸ್ಮಾರಕದಲ್ಲಿವೆ.

ಇನ್ನೊಂದು ಸ್ಥಳ ಅಮೃತಸರ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಐವತ್ತು ಬಂದೂಕುಗಳಿಂದ 1,650 ತೋಟಾಗಳು ಹಾರಿದವು. ಒಬ್ಬೊಬ್ಬನಿಗೆ ಮೂವತ್ತಮೂರು. ಸರಕಾರವೇ ಒಪ್ಪಿದ ಮೃತರ ಲೆಕ್ಕ 379. ಕಾಂಗ್ರೆಸ್ಸಿನ ವಿಚಾರಣೆಯ ಅಂದಾಜು ಇದರ ಎರಡು ಪಾಲಿಗೂ ಮಿಗಿಲು. ಹಾರಿಸಿದವರು ಇಂಡಿಯಾ ಸೈನ್ಯದ ಸಿಪಾಯಿಗಳು. ಅವರ ಕೈಯಲ್ಲಿದ್ದುದು ಇದೇ.303. ಬೋಲ್ಟು ಸರಾಗವಾಗಿ ಸರಿಯುವುದೆಂಬ ಗುಣವನ್ನು ಹೊಗಳುವವನು, ಆ ಗುಣವು ಮೋನ್ಸ್‌ನಲ್ಲಿ ಮಾಡಿದ ಕೆಲಸವನ್ನು ಆ ಬಾಗಿನಲ್ಲಿಯೂ ಮಾಡಿತೆಂಬುದನ್ನು ಮರೆಯಕೂಡದು. ಅಲ್ಲಿನ ಗೋಡೆಯ ಗುಂಡಿನ ಗುರುತುಗಳಿಗೆ ಗಾರೆ ಬಳಿಯದೆ ಉಳಿಸಿದ್ದಾರೆ. ಗೋಡೆಗಿರುವ ಮರ್ಯಾದೆ ಬಂದೂಕಿಗೆ ಬೇಡವೆ?

ಹಾಗಾದರೆ ಈ ಹಿಂಸಾಸಾಧನಗಳನ್ನೆಲ್ಲ ಕುಲುಮೆಗೆ ಹಾಕಿ ಕರಗಿಸಬಾರದೇಕೆ ಎಂದು ಸಾಧುಸ್ವಭಾವದವರು ಕೇಳಿಯಾರು. ಕರಗಿಸಿದರೆ ಸಾಕ್ಷಿಯೇ ಹೋಯಿತು. ನಮ್ಮ ಕೊಡಗಿನ ಕಡೆಗೆ ನೋಡಿರಿ. ಅಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯುಂಟು. ಅಲ್ಲಿ ಕೋವಿಯು ಮನೆಯ ಜನನಮರಣಗಳ ಲೆಕ್ಕವನ್ನು ಹೇಳುತ್ತದೆ. ಆಯುಧವನ್ನು ಇಟ್ಟುಕೊಳ್ಳುವುದು ದೋಷವಲ್ಲ. ಅದರ ಲೆಕ್ಕವನ್ನು ಅಳಿಸಿ ಇಟ್ಟುಕೊಳ್ಳುವುದು ದೋಷ.

ಈ ಲೇಖನದ ಪ್ರತಿಯನ್ನು ಆ ಶಿಷ್ಯನಿಗೂ ಕಳುಹಿಸುವೆನು. ಅವನು ಮುನಿದಾನು, ಮುನಿಯಲಿ. ಮರದ ಮೇಲಿನಿಂದ ಹೋದುದು ಮರಳಿ ಬಾರದು. ಆದರೂ ಅವನು ಮಾಡಬಹುದಾದ ಕೆಲಸವೊಂದುಂಟು. ಒಂದು ಕಾಗದದಲ್ಲಿ ಈ ಬಂದೂಕು ಎಲ್ಲಿ, ಯಾವಾಗ ಆಯಿತು, ಮರದ ಮೇಲೆ ಮೊದಲು ಯಾವ ಗುರುತುಗಳಿದ್ದುವು ಎಂಬುದನ್ನು ನೆನಪಿರುವಷ್ಟು ಬರೆಯಲಿ. ಕೊನೆಯಲ್ಲಿ, “ಈ ಬೋಲ್ಟು ಬೇರೆ ಬಂದೂಕಿನದು, ಅದರ ಮೇಲಿನ ಅಂಕಿಯನ್ನು ಒತ್ತಿಸಿದವನು ನಾನು” ಎಂದು ಸೇರಿಸಿ, ರುಜು ಹಾಕಿ, ಬಂದೂಕಿನೊಡನೆ ಇಡಲಿ. ಮುಂದೆ ಅದನ್ನು ಕೊಳ್ಳುವವನ ಪ್ರಾಣವಾದರೂ ಉಳಿದೀತು.